ಯಕೃತ್ತಿನ ಹಾನಿಯನ್ನು ತಿಳಿಸುವ ರಕ್ತಪರೀಕ್ಷೆ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ದಂಪತಿಗಳೇ,

ಮನೆಯ ಮೂಲೆಯಲ್ಲಿ ಕಡಲೆಕಾಯಿಯ ಚೀಲವನ್ನು ಇರಿಸಿದ್ದೀರಿ. ಒಂದು ಮುಂಜಾನೆ ನೆಲದ ಮೇಲೆ ಕಾಯಿ ಚೆಲ್ಲಿದ್ದರೆ, ಚೀಲ ಎಲ್ಲಿಯೋ ಹರಿದಿದೆಯೆಂದು ಕೂಡಲೇ ಅರಿಯುತ್ತೀರಿ. ಯಕೃತ್ತಿನ ಹಾನಿಯನ್ನು ವೈದ್ಯರು ಅರಿಯುವ ಬಗೆಯೂ ಇದೇ.

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತಿನ ಜೀವಕೋಶಗಳಲ್ಲಿ ಎಸ್.ಜಿ.ಪಿ.ಟಿ. ಎಂಬ ಕಿಣ್ವವಿದೆ. ಕೋಶಗಳು ಘಾಸಿಗೊಂಡಾಗ ಅದು ಹೊರಸೂಸಿ ರಕ್ತವನ್ನು ಸೇರುತ್ತದೆ. 1950ರ ದಶಕದಿಂದ ವೈದ್ಯರು ಇದನ್ನು ಅಳೆಯುತ್ತಿದ್ದಾರೆ. ಒಂದು ಲೀಟರಿಗೆ ಸುಮಾರು 40 ಯೂನಿಟ್‌ಗಳವರೆಗೆ ಇರುವುದು ಸಹಜ. ವೈರಾಣುಗಳಿಂದ ಬಂದ ಕಾಮಾಲೆಯಲ್ಲಿ ಈ ಸಂಖ್ಯೆ ನೂರಾರು, ಕೆಲವೊಮ್ಮೆ ಸಾವಿರವನ್ನೂ ಮೀರುವುದುಂಟು. ಕಣ್ಣು ಹಳದಿಯಾಗುವ ಮೊದಲೇ ಅದು ಏರತೊಡಗುತ್ತದೆ.

ಆದರೆ ಚೀಲವನ್ನು ಹರಿದುದು ಇಲಿಯೋ ಗೆದ್ದಲೋ ಎಂಬುದನ್ನು ನೆಲದ ಮೇಲಿನ ಕಾಯಿ ಹೇಳಲಾರದು. ಹಾಗೆಯೇ ಈ ಸಂಖ್ಯೆ ಹಾನಿಯನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ, ರಕ್ತ ಹಾಗೂ ದೇಹಸಂಪರ್ಕದಿಂದ ಹರಡುವ ಹೆಪಟೈಟಿಸ್ ಬಿ, ಮದ್ಯಪಾನ, ಕೆಲವು ಔಷಧಿಗಳು, ಬೂಷ್ಟು ಹಿಡಿದ ಕಡಲೆಕಾಯಿಯ ವಿಷ, ಇವೆಲ್ಲವೂ ಯಕೃತ್ತನ್ನು ಕೆಡಿಸಬಲ್ಲವು. ಆದುದರಿಂದ ಬರೆ ಹಾಕಿಸಿಕೊಳ್ಳುವುದು, ಅರಿಯದ ಬೇರು ಸೊಪ್ಪುಗಳ ರಸ ಕುಡಿಯುವುದು ಇತ್ಯಾದಿಗಳಲ್ಲಿ ದಿನ ಕಳೆಯಬೇಡಿ. ಗರ್ಭಿಣಿಗೆ ಕಾಮಾಲೆ ಕಂಡರಂತೂ ಅಂದೇ ಆಸ್ಪತ್ರೆಗೆ ಕರೆತನ್ನಿ. ಹೆಪಟೈಟಿಸ್ ಇ ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರಾಣಕ್ಕೇ ಅಪಾಯಕಾರಿ.

ಇನ್ನೊಂದು ಎಚ್ಚರಿಕೆ. ಬರಿದಾದ ಚೀಲದಿಂದ ಕಾಯಿ ಉದುರುವುದಿಲ್ಲ. ಬಹುಕಾಲದ ಮದ್ಯಪಾನದಿಂದ ಯಕೃತ್ತು ಗಟ್ಟಿಯಾಗಿ ಕುಗ್ಗಿದವರಲ್ಲಿಯೂ ಈ ಸಂಖ್ಯೆ ಸಹಜವಾಗಿರಬಹುದು. ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತಿರುವ ಅನೇಕರಲ್ಲಿಯೂ ಅಷ್ಟೇ. ಆದ್ದರಿಂದಲೇ ಗರ್ಭಿಣಿಯರಿಗೆ ಹೆಪಟೈಟಿಸ್ ಬಿ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸತಕ್ಕದ್ದು.

ಪತ್ನಿಯ ರಕ್ತದಲ್ಲಿ ಈ ವೈರಾಣು ಕಂಡುಬಂದರೆ ಆಕೆಯನ್ನು ದೂಷಿಸುವುದು ತರವಲ್ಲ. ತಾನು ಹುಟ್ಟಿದ ಗಳಿಗೆಯಲ್ಲಿಯೇ ತನ್ನ ತಾಯಿಯಿಂದ ಆಕೆ ಅದನ್ನು ಪಡೆದಿರಬಹುದು. ಪತಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಸೋಂಕಿಲ್ಲದಿದ್ದರೆ ಲಸಿಕೆ ಪಡೆಯಲಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಮಗುವಿಗೆ ಹುಟ್ಟಿದ 24 ಗಂಟೆಗಳೊಳಗೆ ಲಸಿಕೆಯನ್ನೂ, ವೈದ್ಯರು ಸೂಚಿಸಿದಲ್ಲಿ ಮತ್ತೊಂದು ಚುಚ್ಚುಮದ್ದನ್ನೂ ಹಾಕಿಸಿ. 6, 10 ಮತ್ತು 14ನೆಯ ವಾರಗಳ ಲಸಿಕೆಗಳನ್ನು ತಪ್ಪಿಸಬೇಡಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.

ಕಾಯಿ ಚೆಲ್ಲಿದ್ದನ್ನು ಕಂಡ ರೈತ ಚೀಲವನ್ನು ಹೊಲಿಯಲು ನಾಳೆಯವರೆಗೆ ಕಾಯುವುದಿಲ್ಲ. ನೀವೂ ಕಾಯಬೇಡಿ, ಪತಿಪತ್ನಿಯರಿಬ್ಬರೂ ಜೊತೆಯಾಗಿ ಆಸ್ಪತ್ರೆಗೆ ಬನ್ನಿ.