ವಿಡಿಯೋ ಆಟಗಳ ಅಧ್ಯಯನವೂ ವಿಶೇಷ ಸಂಗ್ರಹದ ಗ್ರಂಥಪಾಲಕರ ಕಾರ್ಯವೂ

ವಿಶ್ವವಿದ್ಯಾನಿಲಯದ ಗ್ರಂಥಾಲಯಗಳಲ್ಲಿ ‘ವಿಶೇಷ ಸಂಗ್ರಹ’ವೆಂಬ ವಿಭಾಗವೊಂದಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಓಲೆಗರಿಯ ಕಟ್ಟುಗಳು, ಅಪೂರ್ವ ಮುದ್ರಣಗಳು, ಲೇಖಕರ ಕೈಬರಹದ ಕರಡುಗಳು, ಪತ್ರವ್ಯವಹಾರಗಳು ಇವೇ ಮೊದಲಾದ, ಒಮ್ಮೆ ಕಳೆದುಹೋದರೆ ಮತ್ತೆ ದೊರೆಯಲಾರದ ಸಾಮಗ್ರಿಯನ್ನು ಅಲ್ಲಿ ಕಾಪಾಡಲಾಗುತ್ತದೆ. ಇಂಥ ವಿಭಾಗದೊಳಕ್ಕೆ ವಿಡಿಯೋ ಆಟಗಳು ಪ್ರವೇಶಿಸಿವೆಯೆಂದರೆ ಕೆಲವರಿಗೆ ಆಶ್ಚರ್ಯವೂ ಕೆಲವರಿಗೆ ನಗೆಯೂ ಉಂಟಾಗಬಹುದು. ಹುಡುಗರ ಕಾಲಕ್ಷೇಪದ ಸಾಧನಕ್ಕೂ ಸಂಶೋಧನೆಗೂ ಏನು ಸಂಬಂಧವೆಂದು ಕೇಳುವುದು ಸಹಜ. ಹಿಂದೊಮ್ಮೆ ಚಲನಚಿತ್ರದ ವಿಷಯದಲ್ಲಿಯೂ ಜನರು ಇದೇ ಪ್ರಶ್ನೆಯನ್ನು ಕೇಳಿದ್ದರು. ಅದಕ್ಕೆ ಸಮಾಧಾನ ದೊರೆಯುವ ವೇಳೆಗೆ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾಗಿಹೋಗಿದ್ದುವು. ಆಟಗಳ ವಿಷಯದಲ್ಲಿ ಅದೇ ತಪ್ಪು ಮರುಕಳಿಸದಂತೆ ನೋಡಿಕೊಳ್ಳುವುದು ಹೇಗೆಂಬುದನ್ನೂ, ಆ ಕಾರ್ಯದಲ್ಲಿ ಗ್ರಂಥಪಾಲಕರು ಎದುರಿಸುವ ತೊಡಕುಗಳು ಯಾವುವೆಂಬುದನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಅಧ್ಯಯನದ ಹಿನ್ನೆಲೆಯನ್ನು ಸಂಗ್ರಹವಾಗಿ ನೋಡಬಹುದು. 1962ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿಡಿಪಿ-1 ಎಂಬ ಗಣಕಯಂತ್ರಕ್ಕಾಗಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಹತ್ತು ವರ್ಷಗಳ ತರುವಾಯ, 1972ರಲ್ಲಿ, ಅಟಾರಿ ಕಂಪನಿಯ ‘ಪಾಂಗ್’ ಅಂಗಡಿ ಮುಂಗಟ್ಟುಗಳಿಗೂ, ಮ್ಯಾಗ್ನವಾಕ್ಸ್ ಕಂಪನಿಯ ‘ಒಡಿಸ್ಸಿ’ ಮನೆಯ ದೂರದರ್ಶನದ ಪೆಟ್ಟಿಗೆಗೂ ಬಂದುವು. ಅಲ್ಲಿಂದ ಮುಂದೆ ಈ ಉದ್ಯಮ ಬೆಳೆದ ವೇಗವನ್ನು ಬಣ್ಣಿಸಬೇಕಾಗಿಲ್ಲ. ವಿದ್ವಾಂಸರ ಗಮನ ಅತ್ತ ಹರಿದದ್ದು ಮಾತ್ರ ತಡವಾಗಿ. ‘ಗೇಮ್ ಸ್ಟಡೀಸ್’ ಎಂಬ ವಿದ್ವತ್ಪತ್ರಿಕೆ ಹೊರಟದ್ದು 2001ರಲ್ಲಿ. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಬ್ರಿಸ್ಕೋ ಕೇಂದ್ರದಲ್ಲಿ 2007ರಲ್ಲಿಯೂ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ 2008ರಲ್ಲಿಯೂ ಆಟಗಳ ಸಂಗ್ರಹಗಳು ಸ್ಥಾಪಿತವಾದುವು. ಜಪಾನಿನ ಕ್ಯೋಟೋ ನಗರದ ರಿತ್ಸುಮೇಕಾನ್ ವಿಶ್ವವಿದ್ಯಾನಿಲಯದಲ್ಲಿ 2011ರಲ್ಲಿ ಇದಕ್ಕೆಂದೇ ಒಂದು ಅಧ್ಯಯನ ಕೇಂದ್ರ ಆರಂಭವಾಯಿತು. ವಸ್ತು ಹುಟ್ಟಿದ ಸುಮಾರು ನಾಲ್ವತ್ತು ವರ್ಷಗಳ ಮೇಲೆ ಶಾಸ್ತ್ರ ಹುಟ್ಟಿತೆನ್ನಬಹುದು. ಆ ನಾಲ್ವತ್ತು ವರ್ಷಗಳಲ್ಲಿ ವಸ್ತುವನ್ನು ಕಾಪಾಡಿದವರು ಯಾರು?

ಇದಕ್ಕೆ ಉತ್ತರ: ಬಹುಮಟ್ಟಿಗೆ ಖಾಸಗಿ ಸಂಗ್ರಾಹಕರು. ಸ್ಟೀಫನ್ ಕ್ಯಾಬ್ರಿನೆಟಿ ಎಂಬ ತರುಣರು ಹುಡುಗತನದಿಂದಲೇ ಗಣಕದ ತಂತ್ರಾಂಶಗಳನ್ನು, ಅವುಗಳಲ್ಲಿ ವಿಶೇಷವಾಗಿ ಆಟಗಳನ್ನು, ಪೆಟ್ಟಿಗೆಯ ಸಮೇತ ಕೂಡಿಡುತ್ತ ಬಂದರು. 1995ರಲ್ಲಿ, ಮೂವತ್ತು ವರ್ಷ ತುಂಬುವುದಕ್ಕೆ ಮೊದಲೇ, ಅವರು ತೀರಿಕೊಂಡರು. ಅವರ ಸಂಗ್ರಹ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಸೇರಿತು. ಅದರಲ್ಲಿದ್ದ ತಂತ್ರಾಂಶಗಳು ಸುಮಾರು 15,000. ಅಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಚರಿತ್ರೆಯ ಸಂಗ್ರಹಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಲೋವುಡ್ ಅವರು ಈ ಸಾಮಗ್ರಿಯ ಆಧಾರದ ಮೇಲೆ ಪಾಠಗಳನ್ನು ನಡೆಸಿ, ಲೇಖನಗಳನ್ನು ಬರೆದು, ಗ್ರಂಥಪಾಲಕರೇ ಒಂದು ಹೊಸ ಅಧ್ಯಯನಕ್ಕೆ ಅಡಿಪಾಯ ಹಾಕಬಲ್ಲರೆಂಬುದನ್ನು ತೋರಿಸಿದರು.

ಇನ್ನು ಗ್ರಂಥಪಾಲಕರ ಮುಂದಿರುವ ಮೊದಲನೆಯ ಪ್ರಶ್ನೆಗೆ ಬರೋಣ. ಸಂಗ್ರಹಿಸಬೇಕಾದ ವಸ್ತು ಯಾವುದು? ಪುಸ್ತಕವಾದರೆ ರಟ್ಟಿನಿಂದ ರಟ್ಟಿನವರೆಗೆ ಅದರ ಎಲ್ಲೆ ಸ್ಪಷ್ಟವಾಗಿದೆ. ಆಟದ ಎಲ್ಲೆ ಹಾಗಲ್ಲ. 1984ರಲ್ಲಿ ಇನ್ಫೋಕಾಮ್ ಕಂಪನಿ ಪ್ರಕಟಿಸಿದ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಎಂಬ ಆಟದ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಫ್ಲಾಪಿ ತಟ್ಟೆಯ ಜೊತೆಗೆ ಒಂದು ಎದೆಬಿಲ್ಲೆ, ಕಪ್ಪು ರಟ್ಟಿನ ಕನ್ನಡಕ, ಮನೆ ಕೆಡಹುವುದಕ್ಕೆ ಹೊರಡಿಸಿದ ಆಜ್ಞಾಪತ್ರ, ಕಿಸೆಯ ತಳದಲ್ಲಿ ಸಿಕ್ಕುವಂಥ ಒಂದಿಷ್ಟು ಹತ್ತಿಯ ಜುಂಗು, ಮತ್ತು ಬರಿದಾದ ಒಂದು ಪ್ಲಾಸ್ಟಿಕ್ ಚೀಲ ಇರುತ್ತಿದ್ದುವು. ಆ ಚೀಲದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ವ್ಯೋಮನೌಕೆಗಳ ದಂಡೊಂದು ಇದೆಯೆಂಬುದು ಕಥೆಯ ವಿನೋದ! ವಿಷಯ ತಿಳಿಯದ ಸಹಾಯಕನೊಬ್ಬ ಆ ಖಾಲಿ ಚೀಲವನ್ನೂ ಜುಂಗನ್ನೂ ಕಸದ ಬುಟ್ಟಿಗೆ ಹಾಕಿದರೆ ಕೃತಿಯ ಒಂದು ಅಂಗವನ್ನೇ ಕಡಿದಂತಾಗುತ್ತದೆ. ಇದೇ ಕಂಪನಿ 1982ರಲ್ಲಿ ತಂದ ‘ಡೆಡ್‌ಲೈನ್’ ಎಂಬ ಪತ್ತೇದಾರಿ ಆಟದಲ್ಲಿ, ತಟ್ಟೆಯಲ್ಲಿ ಸ್ಥಳ ಸಾಲದೆಂದು ವಿಚಾರಣೆಯ ವರದಿಗಳನ್ನು ಕಾಗದದ ಮೇಲೆಯೇ ಅಚ್ಚುಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದರು. ಆ ಕಾಗದಗಳಿಲ್ಲದಿದ್ದರೆ ಕಥೆಯೇ ಅಪೂರ್ಣ. ಆದುದರಿಂದ ಆಟದ ಸೂಚೀಕರಣದಲ್ಲಿ ಪೆಟ್ಟಿಗೆಯೊಳಗಿನ ಪ್ರತಿಯೊಂದು ವಸ್ತುವನ್ನೂ ಎಣಿಸಿ ನಮೂದಿಸತಕ್ಕದ್ದು.

ಎರಡನೆಯದು ಕ್ಷಯದ ಪ್ರಶ್ನೆ. ಓಲೆಗರಿಗೆ ಹುಳು ಹಿಡಿದರೂ ಉಳಿದ ಭಾಗವನ್ನು ಲಿಪಿ ಬಲ್ಲವರು ಓದಬಹುದು. ಮಸಿ ತೀಡಿದರೆ ಮಾಸಿದ ಅಕ್ಷರವೂ ಕಾಣಿಸಿಕೊಳ್ಳುತ್ತದೆ. ಫ್ಲಾಪಿ ತಟ್ಟೆಯ ಮೇಲಿನ ಕಾಂತೀಯ ಲೇಪದಲ್ಲಿರುವ ಬರಹವಾದರೋ ಮನುಷ್ಯನ ಕಣ್ಣಿಗೆ ಗೋಚರವಾಗುವುದೇ ಇಲ್ಲ. ಅದನ್ನು ಓದುವುದಕ್ಕೆ ತಕ್ಕ ಯಂತ್ರ ಬೇಕು. ಯಂತ್ರವಿದ್ದರೂ ಲೇಪ ಸಡಿಲವಾಗಿ ಉದುರುವ ಹಾಗೂ ಕಾಂತತ್ವ ಕುಂದುವ ಭಯವಿದೆ. ‘ಲೆಜೆಂಡ್ ಆಫ್ ಜೆಲ್ಡಾ’ ಮೊದಲಾದ ಕಾರ್ಟ್ರಿಜ್ ಆಟಗಳಲ್ಲಿ ಆಟಗಾರನ ಪ್ರಗತಿಯನ್ನು ನೆನಪಿಡುವುದಕ್ಕೆ ಒಂದು ಸಣ್ಣ ಬ್ಯಾಟರಿಯನ್ನು ಅಳವಡಿಸಲಾಗಿತ್ತು. ಬ್ಯಾಟರಿ ತೀರಿದರೆ ಆಟ ಉಳಿಯುತ್ತದೆ, ಆದರೆ ಅದನ್ನು ಆಡಿದವರ ಗುರುತು ಅಳಿದುಹೋಗುತ್ತದೆ.

ಇದಕ್ಕೆ ಕಂಡುಕೊಂಡಿರುವ ಪರಿಹಾರ ಎರಡು ಹಂತದ್ದು. ಮೊದಲ ಹಂತದಲ್ಲಿ ತಟ್ಟೆಯ ಮೇಲಿರುವುದೆಲ್ಲವನ್ನೂ, ಒಂದು ಬಿಂದುವೂ ಬಿಡದಂತೆ, ಪ್ರತಿ ಮಾಡಿಕೊಳ್ಳುವುದು. ಹಾಗೆ ಮಾಡಿದ ಪ್ರತಿಯಿಂದ ಗಣಿತದ ಕ್ರಮವೊಂದರಂತೆ ಒಂದು ತಾಳೆಸಂಖ್ಯೆಯನ್ನು ಲೆಕ್ಕಹಾಕಿ ಬರೆದಿಟ್ಟುಕೊಳ್ಳಲಾಗುತ್ತದೆ. ಮುಂದೆ ಎಂದಾದರೂ ಅದನ್ನು ಮತ್ತೆ ಲೆಕ್ಕಹಾಕಿದಾಗ ಅದೇ ಸಂಖ್ಯೆ ಬಂದರೆ ಪ್ರತಿ ಕೆಟ್ಟಿಲ್ಲವೆಂದು ನಂಬಬಹುದು. ಕ್ಯಾಬ್ರಿನೆಟಿ ಸಂಗ್ರಹದ ತಟ್ಟೆಗಳನ್ನು ಹೀಗೆ ಪ್ರತಿಮಾಡುವ ಕಾರ್ಯವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಸಹಕಾರದಿಂದ ನಡೆಸಲಾಯಿತು. ಎರಡನೆಯ ಹಂತದಲ್ಲಿ ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದ ಮೇಲೆ ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದ ಮೂಲಕ ಆ ಪ್ರತಿಯನ್ನು ಆಡುವಂತೆ ಮಾಡುವುದು.

ಅನುಕರಣವು ಎಷ್ಟೇ ನಿಷ್ಠವಾಗಿದ್ದರೂ ಮೂಲವಲ್ಲವೆಂಬುದನ್ನು ಇಲ್ಲಿ ಮರೆಯಕೂಡದು. 1984ರ ‘ಡಕ್ ಹಂಟ್’ ಆಟದ ಬೆಳಕಿನ ಬಂದೂಕು ಹಳೆಯ ಗಾಜಿನ ಕೊಳವೆಯ ದೂರದರ್ಶನದ ಮುಂದೆ ಮಾತ್ರ ಗುರಿ ಹಿಡಿಯಬಲ್ಲುದು. ಆ ಪರದೆ ಬೆಳಗುವ ಕ್ಷಣವನ್ನೇ ಆಧರಿಸಿ ಅದು ಕೆಲಸಮಾಡುತ್ತಿತ್ತು; ಇಂದಿನ ಚಪ್ಪಟೆ ಪರದೆಯ ಮುಂದೆ ಅದು ನಿಷ್ಪ್ರಯೋಜಕ. ಆದಕಾರಣವೇ ಇಂಥ ಸಂಗ್ರಹಗಳಲ್ಲಿ ಹಳೆಯ ಯಂತ್ರಗಳನ್ನೂ ಪೆಟ್ಟಿಗೆಗಳನ್ನೂ ದುರಸ್ತಿಮಾಡಿ ಇಟ್ಟುಕೊಳ್ಳುವುದು ಅನಿವಾರ್ಯವಾಗಿದೆ.

ಮೂರನೆಯದು ಪಾಠಾಂತರದ ಪ್ರಶ್ನೆ. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಇದು ಹೊಸದೆನಿಸಲಾರದು. 1993ರ ಡಿಸೆಂಬರಿನಲ್ಲಿ ಪ್ರಕಟವಾದ ‘ಡೂಮ್’ ಎಂಬ ಆಟ ಅನಂತರ ಹಲವು ಸಲ ತಿದ್ದುಪಡಿಯನ್ನು ಪಡೆಯಿತು. ಅದನ್ನು ಆಡಿದವರು ತಮ್ಮ ಆಟವನ್ನು ಒಂದು ಕಡತದಲ್ಲಿ ದಾಖಲಿಸಿ ಪರಸ್ಪರ ಕಳುಹಿಸಿಕೊಳ್ಳುತ್ತಿದ್ದರು. ಈ ಕಡತದಲ್ಲಿ ಚಿತ್ರವಿರುವುದಿಲ್ಲ. ಯಾವ ಗಳಿಗೆಯಲ್ಲಿ ಯಾವ ಕೀಲಿಯನ್ನು ಒತ್ತಿದರೆಂಬುದು ಮಾತ್ರ ಇರುತ್ತದೆ. ಅದೇ ಆವೃತ್ತಿಯ ಆಟಕ್ಕೆ ಅದನ್ನು ಉಣಿಸಿದರೆ ಅಂದಿನ ಆಟ ಇದ್ದಕ್ಕಿದ್ದಂತೆ ಕಣ್ಣ ಮುಂದೆ ನಡೆಯುತ್ತದೆ. ಬೇರೆ ಆವೃತ್ತಿಗೆ ಉಣಿಸಿದರೆ ಕಡತವನ್ನು ಅದು ತಿರಸ್ಕರಿಸಬಹುದು, ಇಲ್ಲವೆ ಆಟಗಾರ ಗೋಡೆಗೆ ಹಾಯುತ್ತ ಅರ್ಥವಿಲ್ಲದೆ ಅಲೆಯಬಹುದು. ‘ಡೂಮ್ ನಮ್ಮಲ್ಲಿದೆ’ ಎಂದಷ್ಟೇ ಬರೆದುಕೊಂಡ ಗ್ರಂಥಾಲಯ ಸಂಶೋಧಕನಿಗೆ ನೆರವಾಗಲಾರದು. ಯಾವ ಆವೃತ್ತಿ, ಯಾವ ಯಂತ್ರಕ್ಕೆ, ಯಾವ ವರ್ಷದ್ದು ಎಂಬ ವಿವರಗಳು ಅತ್ಯಾವಶ್ಯಕ.

ನಾಲ್ಕನೆಯದಾಗಿ, ಮುಗಿದ ಕೃತಿಯಷ್ಟೇ ಅದರ ಹಿಂದಣ ಕಾಗದಪತ್ರಗಳೂ ಮುಖ್ಯ. ಮನೆಯ ವಿಡಿಯೋ ಆಟದ ಜನಕರೆಂದು ಹೆಸರಾದ ರಾಲ್ಫ್ ಬೇಯರ್ ಅವರ ಟಿಪ್ಪಣಿಗಳೂ ಮಾದರಿಯಂತ್ರಗಳೂ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ. ‘ಪ್ರಿನ್ಸ್ ಆಫ್ ಪರ್ಷಿಯ’ದ ಕಥೆ ಇನ್ನೂ ಬೋಧಪ್ರದವಾದುದು. 1989ರಲ್ಲಿ ಜೋರ್ಡನ್ ಮೆಕ್‌ನರ್ ಅದನ್ನು ಹೊರತಂದರು. ನಾಯಕನ ಓಟ ನೆಗೆತಗಳಿಗಾಗಿ ಅವರು ತಮ್ಮ ತಮ್ಮನನ್ನೇ ಓಡಿಸಿ, ನೆಗೆಯಿಸಿ, ಚಿತ್ರೀಕರಿಸಿ, ಒಂದೊಂದು ಭಂಗಿಯನ್ನೂ ಅದರಿಂದ ತೆಗೆದುಕೊಂಡಿದ್ದರು. ಆದರೆ ಆಟದ ಮೂಲ ಲೇಖ ಎಲ್ಲಿ ಹೋಯಿತೆಂಬುದು ಅವರಿಗೇ ತಿಳಿಯದೆ ವರ್ಷಗಳು ಕಳೆದುವು. 2012ರಲ್ಲಿ ಅವರ ತಂದೆ ಮನೆಯಲ್ಲಿ ಸಿಕ್ಕ ಹಳೆಯ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟಾಗ ಮೂಲ ತಟ್ಟೆಗಳು ದೊರೆತುವು. ತಜ್ಞರು ಹಳೆಯ ಯಂತ್ರಗಳನ್ನು ತಂದು, ಇಪ್ಪತ್ತಕ್ಕೂ ಮಿಕ್ಕ ವರ್ಷಗಳಷ್ಟು ಹಳೆಯದಾದ ಆ ತಟ್ಟೆಗಳನ್ನು ಓದಿ ತೆಗೆದರು. ತಂದೆಯೊಬ್ಬರ ಜೋಪಾನದಿಂದ ಒಂದು ಕೃತಿಯ ಹುಟ್ಟಿನ ದಾಖಲೆ ಉಳಿಯಿತು. ಅಂಥ ತಂದೆಯಿಲ್ಲದ ಕೃತಿಗಳೆಷ್ಟೋ! ನಿರ್ಮಾಪಕರು ಬದುಕಿರುವಾಗಲೇ ಅವರನ್ನು ಕಂಡು, ಅವರ ಅಟ್ಟದ ಮೇಲಿರುವುದನ್ನು ಗ್ರಂಥಾಲಯಕ್ಕೆ ಒಪ್ಪಿಸುವಂತೆ ಒಲಿಸುವುದು ಗ್ರಂಥಪಾಲಕರ ಕರ್ತವ್ಯವಾಗುವುದು ಇದರಿಂದಲೇ.

ಈವರೆಗೆ ಹೇಳಿದುದೆಲ್ಲ ಕೈಯಲ್ಲಿ ಹಿಡಿಯಬಹುದಾದ ವಸ್ತುವಿನ ಮಾತಾಯಿತು. ಈಚಿನ ಆಟಗಳಲ್ಲಿ ಹಲವಕ್ಕೆ ಪೆಟ್ಟಿಗೆಯೂ ಇಲ್ಲ, ತಟ್ಟೆಯೂ ಇಲ್ಲ. 2014ರಲ್ಲಿ ಕೊನಾಮಿ ಕಂಪನಿ ‘ಪಿ.ಟಿ.’ ಎಂಬ ಚಿಕ್ಕ ಆಟವೊಂದನ್ನು ಅಂತರ್ಜಾಲದ ಮೂಲಕ ಉಚಿತವಾಗಿ ಹಂಚಿ, 2015ರಲ್ಲಿ ಹಿಂತೆಗೆದುಕೊಂಡಿತು. ಅಂದು ಇಳಿಸಿಕೊಂಡವರ ಯಂತ್ರಗಳಲ್ಲಿ ಮಾತ್ರ ಅದು ಉಳಿಯಿತು. ಸಾವಿರಾರು ಜನರು ಏಕಕಾಲದಲ್ಲಿ ಕೂಡಿ ಆಡುತ್ತಿದ್ದ ‘ಸಿಟಿ ಆಫ್ ಹೀರೋಸ್’ ಎಂಬ ಕಲ್ಪಿತ ನಗರವನ್ನು ಅದರ ಒಡೆಯರು 2012ರಲ್ಲಿ ಮುಚ್ಚಿದರು. ಇಂಥ ನಗರದ ತಂತ್ರಾಂಶವನ್ನು ಕಾಪಾಡಿದರೂ ಜನರಿಲ್ಲದೆ ಅದು ಪಾಳುಬಿದ್ದ ಊರಿನಂತೆ ತೋರುವುದು. ಆಗ ಉಳಿಸಬೇಕಾದುದು ಆಡಿದವರ ನೆನಪುಗಳನ್ನು, ಆಟದ ಚಿತ್ರೀಕರಣಗಳನ್ನು, ಅವರು ಬರೆದ ಮಾರ್ಗದರ್ಶಿಕೆಗಳನ್ನು. ಮದುವೆಯ ಹಾಡುಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಹಾಡನ್ನಲ್ಲದೆ ಹಾಡಿದ ಸಂದರ್ಭವನ್ನೂ ಬರೆದುಕೊಳ್ಳುವ ಪದ್ಧತಿಗೆ ಇದು ಸಮೀಪವಾದುದು.

ಕೊನೆಯ ತೊಡಕು ಕಾನೂನಿನದು. ಅಮೆರಿಕದಲ್ಲಿ 1998ರ ಡಿಜಿಟಲ್ ಮಿಲೇನಿಯಮ್ ಕಾಪಿರೈಟ್ ಶಾಸನದ ಪ್ರಕಾರ ಪ್ರತಿಮಾಡದಂತೆ ಹಾಕಿದ ಬೀಗವನ್ನು ಒಡೆಯುವುದು ನಿಷಿದ್ಧ. ಮೂರು ವರ್ಷಗಳಿಗೊಮ್ಮೆ ಕೆಲವು ವಿನಾಯಿತಿಗಳನ್ನು ಕೊಡುವ ಪದ್ಧತಿಯಿದೆ. ಅದರಂತೆ ಗ್ರಂಥಾಲಯಗಳು ಸಂರಕ್ಷಣೆಗಾಗಿ ಆಟಗಳನ್ನು ಪ್ರತಿಮಾಡಬಹುದು. ಆದರೆ ಓದುಗರು ಗ್ರಂಥಾಲಯದ ಕಟ್ಟಡದೊಳಗೇ ಬಂದು ನೋಡತಕ್ಕದ್ದು. ದೂರದ ಸಂಶೋಧಕರಿಗೂ ತೋರಿಸಲು ಅವಕಾಶ ಬೇಕೆಂಬ ಬೇಡಿಕೆಯನ್ನು 2024ರ ಅಕ್ಟೋಬರಿನಲ್ಲಿ ನಿರಾಕರಿಸಲಾಯಿತು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಕೊಳ್ಳಲು ಸಿಕ್ಕದ, ಎರವಲು ತರಲಾಗದ ವಸ್ತುವಿನ ಮೇಲೆ ಪ್ರಬಂಧ ಬರೆಯಬಯಸುವ ವಿದ್ಯಾರ್ಥಿಗೆ ಸಾವಿರಾರು ಮೈಲಿಯ ಪ್ರಯಾಣವೊಂದೇ ದಾರಿ. ಆ ಪ್ರಯಾಣದ ವೆಚ್ಚವನ್ನು ಹೊರಲಾರದವನ ಪಾಲಿಗೆ ಆ ಸಂಗ್ರಹ ಇದ್ದೂ ಇಲ್ಲದಂತೆಯೇ ಸರಿ.

ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ತಮ್ಮ ಕೊನೆಯ ವರ್ಷಗಳನ್ನು ಅಲ್ಲಿಯೇ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರತಿಪಾದಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಗ್ರಂಥವಿರುವುದು ಬಳಕೆಗಾಗಿಯೇ ಹೊರತು ಬೀಗದೊಳಗಿಡುವುದಕ್ಕಲ್ಲವೆಂಬ ಭಾವದ್ದು. ಗ್ರಂಥಾಲಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು. ಆಟದ ಸಂಗ್ರಹದಲ್ಲಿ ಈ ಸೂತ್ರ ತೀಕ್ಷ್ಣವಾದ ಪರೀಕ್ಷೆಗೆ ಒಳಗಾಗುತ್ತದೆ. ಆಡದೆ ಆಟವನ್ನು ಅರಿಯುವುದಾಗದು. ಆಡಿದಷ್ಟೂ ಯಂತ್ರ ಸವೆಯುತ್ತದೆ. ಇವೆರಡರ ನಡುವೆ ಹಾದಿಯನ್ನು ಗ್ರಂಥಪಾಲಕರು ದಿನದಿನವೂ ಕಂಡುಕೊಳ್ಳಬೇಕು. ಸಾಮಾನ್ಯ ತರಗತಿಗೆ ಪ್ರತಿಯನ್ನೂ ಎಮ್ಯುಲೇಟರನ್ನೂ ಒದಗಿಸಿ, ಮೂಲವೇ ಬೇಕೆಂಬುದಕ್ಕೆ ತಕ್ಕ ಕಾರಣವನ್ನು ಕೊಡುವ ಸಂಶೋಧಕನಿಗೆ ಮೂಲವನ್ನು ತಮ್ಮ ಕಣ್ಣೆದುರಿಗೇ ಆಡಗೊಡುವುದು ಸಮಂಜಸವಾದ ಕ್ರಮವೆಂದು ತೋರುತ್ತದೆ. ಅಧ್ಯಾಪಕರು ಪಾಠಕ್ರಮವನ್ನು ರಚಿಸುವ ಮೊದಲೇ ಗ್ರಂಥಪಾಲಕರೊಡನೆ ಸಮಾಲೋಚಿಸಿದರೆ ಇದು ಸುಗಮವಾಗುವುದು.

ಆಟ ದೊಡ್ಡ ಕಲೆಯೋ ಅಲ್ಲವೋ ಎಂಬ ವಾದವನ್ನು ವಿಮರ್ಶಕರು ತೀರ್ಮಾನಿಸಲಿ. ಆ ವಾದ ನಡೆಯುವುದಕ್ಕೆ ಕೃತಿಯಂತೂ ಇರಬೇಕಷ್ಟೆ. ಕಾಂತೀಯ ಲೇಪ ಯಾರ ತೀರ್ಪಿಗೂ ಕಾಯುವುದಿಲ್ಲ. ಈ ಪೀಳಿಗೆಯವರು ತೆಗೆದಿಡದೆ ಬಿಟ್ಟುದನ್ನು ಮುಂದಿನ ಪೀಳಿಗೆಯ ವಿದ್ವಾಂಸರು ಎಷ್ಟು ಪ್ರತಿಭಾವಂತರಾದರೂ ಮರಳಿ ಪಡೆಯಲಾರರು.