ಕಿಡಿಯ ಮೇಲೆ ಹೊರಿಸಿದ ಅಪವಾದ

ಏರುರಸ್ತೆ ಬಂದರೆ ಸಾಕು, ಇಂಜಿನ್ನಿನೊಳಗೆ ಆ ಸದ್ದು ಶುರುವಾಗುತ್ತಿತ್ತು. ಯಾರೋ ಒಳಗೆ ಕುಳಿತು ಸಣ್ಣ ಸುತ್ತಿಗೆಯಿಂದ ಸಿಲಿಂಡರಿನ ಗೋಡೆಗೆ ಟಣಟಣನೆ ಬಡಿದ ಹಾಗೆ. ಎಳೆತ ಕುಸಿಯುತ್ತಿತ್ತು, ಇಂಜಿನ್ ಕಾಯುತ್ತಿತ್ತು, ಅತಿಯಾದರೆ ಪಿಸ್ಟನ್ನೇ ಬಿರುಕು ಬಿಡುತ್ತಿತ್ತು. 1910ರ ದಶಕದ ಅಮೆರಿಕದಲ್ಲಿ ಈ ನಾಕಿಂಗ್ ಕಾರು ತಯಾರಕರ ನಿದ್ದೆ ಕೆಡಿಸಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಆದರೆ ತಪ್ಪು ಯಾರದೆಂದು ಹೇಳಲು ಎಲ್ಲರೂ ಸಿದ್ಧರಿದ್ದರು: ಚಾರ್ಲ್ಸ್ ಕೆಟರಿಂಗ್‌ನದು.

ಓಹಾಯೊ ರಾಜ್ಯದ ಡೇಟನ್ ಊರಿನ ಕೆಟರಿಂಗ್, ಪ್ಲಗ್ಗಿಗೆ ಕಿಡಿ ಒದಗಿಸಲು ಬ್ಯಾಟರಿಯಿಂದ ನಡೆಯುವ ಹೊಸ ವ್ಯವಸ್ಥೆಯನ್ನು ರೂಪಿಸಿ 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಕೊಟ್ಟಿದ್ದ. ಮರುವರ್ಷಗಳಲ್ಲಿ ಹ್ಯಾಂಡಲ್ ತಿರುಗಿಸುವ ಕಷ್ಟವನ್ನೂ ಸೆಲ್ಫ್ ಸ್ಟಾರ್ಟರ್‌ನಿಂದ ತಪ್ಪಿಸಿದ್ದ. ಹಳೆಯ ಮ್ಯಾಗ್ನೆಟೋ ಪದ್ಧತಿಯನ್ನು ನೆಚ್ಚಿಕೊಂಡವರಿಗೆ ಇದು ಹಿಡಿಸಲಿಲ್ಲ. ಬ್ಯಾಟರಿಯ ಕಿಡಿ ಸರಿಯಿಲ್ಲ, ಅದಕ್ಕೇ ಇಂಜಿನ್ ಬಡಿದುಕೊಳ್ಳುತ್ತದೆ ಎಂಬ ಮಾತು ಹಬ್ಬಿತು. ಮಾತಿಗೆ ಬಲ ಬರುವಂಥ ಸಂಗತಿಯೂ ಒಂದಿತ್ತು: ಕಿಡಿಯ ಹೊತ್ತನ್ನು ತುಸು ಹಿಂದಕ್ಕೆ ಸರಿಸಿದರೆ ಸದ್ದು ನಿಜಕ್ಕೂ ತಗ್ಗುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದಲೂ ದೂರು ಬಂತು. ವಿದ್ಯುತ್ ತಲುಪದ ಹಳ್ಳಿಮನೆಗಳಿಗೆಂದು ಕೆಟರಿಂಗ್‌ನ ಕಂಪನಿ ದೀಪದ ಜನರೇಟರ್ ಮಾರುತ್ತಿತ್ತು. ಸೀಮೆಎಣ್ಣೆಯಿಂದ ಓಡುವ ಅದರ ಪುಟ್ಟ ಇಂಜಿನ್ ಕಾರಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. 1916ರಲ್ಲಿ ಕೆಟರಿಂಗ್ ಈ ತಲೆನೋವನ್ನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬನಿಗೆ ಒಪ್ಪಿಸಿದ. ಹೆಸರು ಥಾಮಸ್ ಮಿಡ್ಗ್ಲಿ, ವಯಸ್ಸು 27. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಬದುಕಿಡೀ ಮಾಡಿದ್ದು ಮಾತ್ರ ರಸಾಯನಶಾಸ್ತ್ರ.

ಮಿಡ್ಗ್ಲಿ ಮೊದಲು ಸಿಲಿಂಡರಿನೊಳಗೆ ಏನು ನಡೆಯುತ್ತದೆಂದು ನೋಡಲು ಹೊರಟ. ಒಳಗಿನ ಒತ್ತಡ ಏರಿಳಿದಂತೆ ಅಲುಗುವ ಪುಟ್ಟ ಕನ್ನಡಿ, ಅದರ ಮೇಲೆ ಬಿದ್ದ ಬೆಳಕು ಗೀಚುವ ಗೆರೆ. ಹೀಗೊಂದು ಉಪಕರಣವನ್ನು ತನ್ನ ಕೆಲಸಕ್ಕೆ ಒಗ್ಗಿಸಿಕೊಂಡ. ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡರೆ ಗೆರೆ ಮೊದಲೇ ಏರಬೇಕಿತ್ತು. ಹಾಗಾಗಲಿಲ್ಲ. ಕಿಡಿ ತನ್ನ ಹೊತ್ತಿಗೆ ಸರಿಯಾಗಿ ಹಾರಿತು, ಬೆಂಕಿ ಹರಡತೊಡಗಿತು, ಆಮೇಲೆ ಇದ್ದಕ್ಕಿದ್ದಂತೆ ಗೆರೆ ನೆಟ್ಟಗೆ ಮೇಲಕ್ಕೆ ಜಿಗಿದು ನಡುಗಿತು. ಪ್ಲಗ್ ನಿರಪರಾಧಿ. ಕಿತಾಪತಿ ಇದ್ದದ್ದು ಇಂಧನದಲ್ಲಿ.

ಮುಂದೆ ನಡೆದದ್ದು ವಿಜ್ಞಾನದ ಇತಿಹಾಸದ ಅತ್ಯಂತ ಫಲವತ್ತಾದ ತಪ್ಪುಗಳಲ್ಲೊಂದು. ಸೀಮೆಎಣ್ಣೆ ಸರಿಯಾಗಿ ಆವಿಯಾಗದಿರುವುದೇ ದೋಷವೆಂದು ಇಬ್ಬರೂ ಊಹಿಸಿದರು. ಕೆಟರಿಂಗ್‌ಗೆ ಟ್ರೇಲಿಂಗ್ ಅರ್ಬ್ಯುಟಸ್ ಎಂಬ ಕಾಡುಗಿಡ ನೆನಪಾಯಿತು. ಹಿಮ ಕರಗುವ ಮುಂಚೆಯೇ ಹೂಬಿಡುವ ಅದರ ಎಲೆಯ ಬೆನ್ನು ಕೆಂಪು. ಕೆಂಪು ಬಣ್ಣ ಶಾಖವನ್ನು ಹೀರಿಕೊಳ್ಳುವುದರಿಂದಲೇ ಗಿಡಕ್ಕೆ ಚಳಿ ತಟ್ಟದೇನೋ? ಹಾಗಾದರೆ ಸೀಮೆಎಣ್ಣೆಗೂ ಕೆಂಪು ಬಣ್ಣ ಹಾಕಿದರೆ ಬೇಗ ಆವಿಯಾದೀತು! ಮಿಡ್ಗ್ಲಿ ಉಗ್ರಾಣಕ್ಕೆ ಹೋದ. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಅಲ್ಲಿರಲಿಲ್ಲ. ಅಯೋಡಿನ್ ಹಾಕಿ ನೋಡು, ಅದೂ ಕೆಂಪಗೇ ಕರಗುತ್ತದೆ ಎಂದು ಅಲ್ಲಿದ್ದ ರಸಾಯನಜ್ಞನೊಬ್ಬ ಸಲಹೆ ಕೊಟ್ಟ.

ಅಯೋಡಿನ್ ಬಿತ್ತು, ನಾಕಿಂಗ್ ನಿಂತಿತು.

ಊರಿನಲ್ಲಿ ಸಿಕ್ಕಿದ ಎಣ್ಣೆಬಣ್ಣಗಳನ್ನೆಲ್ಲ ಮಿಡ್ಗ್ಲಿ ತಂದು ಸುರಿದ. ಒಂದಾದರೂ ಕೆಲಸ ಮಾಡಲಿಲ್ಲ. ಕೊನೆಗೆ ಬಣ್ಣವೇ ಇಲ್ಲದ ಈಥೈಲ್ ಅಯೋಡೈಡ್ ಹಾಕಿ ನೋಡಿದ. ಸದ್ದು ಮತ್ತೆ ಅಡಗಿತು. ಗಿಡ, ಎಲೆ, ಕೆಂಪು ಎಲ್ಲ ಸುಳ್ಳು. ಆದರೆ ಚಿಟಿಕೆಯಷ್ಟು ರಾಸಾಯನಿಕ ಇಂಧನದ ಸ್ವಭಾವವನ್ನೇ ಬದಲಿಸಬಲ್ಲದು ಎಂಬುದು ಮಾತ್ರ ನಿಜವಾಗಿತ್ತು. ಅಯೋಡಿನ್ ದುಬಾರಿ, ಲೋಹವನ್ನು ಬೇರೆ ತಿನ್ನುತ್ತಿತ್ತು. ಬೇರೊಂದು ಬೇಕಿತ್ತು.

ಆ ಬೇರೊಂದಕ್ಕಾಗಿ ವರ್ಷಗಟ್ಟಲೆ ಹುಡುಕಾಟ ನಡೆಯಿತು. 1919ರ ಜನವರಿಯಲ್ಲಿ ಅನಿಲೀನ್ ಫಲ ಕೊಟ್ಟಿತು, ಆದರೆ ಅದರ ಹೊಗೆಯ ವಾಸನೆ ಸಹಿಸುವಂತಿರಲಿಲ್ಲ. ಹುಡುಕಾಟವನ್ನೇ ಕೈಬಿಡುವ ಸ್ಥಿತಿಯಲ್ಲಿದ್ದಾಗ, ರೈಲಿನಲ್ಲಿ ಪತ್ರಿಕೆ ಓದುತ್ತಿದ್ದ ಕೆಟರಿಂಗ್‌ನ ಕಣ್ಣಿಗೆ ಸೆಲೆನಿಯಂನ ಸಂಯುಕ್ತವೊಂದರ ಸುದ್ದಿ ಬಿತ್ತು. ತಂದು ಹಾಕಿದರೆ ಅದು ಅನಿಲೀನನ್ನೂ ಮೀರಿಸಿತು. ಅದರ ಬಂಧು ಟೆಲುರಿಯಂ ಇನ್ನೂ ಸಮರ್ಥ. ಆದರೆ ಬೆಳ್ಳುಳ್ಳಿ ಕೊಳೆತಂತಹ ಅದರ ನಾತ ಮೈಗೆ ಅಂಟಿದರೆ ಸ್ನಾನಕ್ಕೂ ಬಟ್ಟೆ ಬದಲಿಸುವುದಕ್ಕೂ ಜಗ್ಗುತ್ತಿರಲಿಲ್ಲ. ಪ್ರಯೋಗಾಲಯದವರನ್ನು ಮನೆಯವರೇ ದೂರ ಇಡುವಂತಾಯಿತು.

ಇಷ್ಟಾದ ಮೇಲೆ ಮಿಡ್ಗ್ಲಿ ಕಂಡಕಂಡದ್ದನ್ನು ಸುರಿಯುವುದನ್ನು ಬಿಟ್ಟು, ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಎದುರಿಗಿಟ್ಟುಕೊಂಡ. ಯಾವ ಮೂಲವಸ್ತು ಎಷ್ಟು ಕೆಲಸ ಮಾಡಿತೆಂದು ಗುರುತು ಹಾಕುತ್ತ ಹೋದಂತೆ ದಾರಿ ಕಾಣಿಸಿತು: ಕೋಷ್ಟಕದಲ್ಲಿ ಕೆಳಗಿಳಿದಷ್ಟೂ ಬಲ ಹೆಚ್ಚು. ತವರದ ಸಂಯುಕ್ತ ಸ್ವಲ್ಪ ಕೆಲಸ ಮಾಡಿತ್ತು. ತವರದ ಕೆಳಗಿದ್ದದ್ದು ಸೀಸ. 1921ರ ಡಿಸೆಂಬರ್ 9ರಂದು ಒಂಟಿ ಸಿಲಿಂಡರಿನ ಇಂಜಿನ್ನಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದ ಇಂಧನ ಹರಿಯಿತು. ಕಿವಿ ಒಡೆಯುವ ಬಡಿತ ಥಟ್ಟನೆ ಅಡಗಿತು. ಲ್ಯಾಬಿನಲ್ಲಿದ್ದವರು ಇಂಜಿನ್ ಬಿಟ್ಟು ಕುಣಿದಾಡಿದರು. ಸುಮಾರು 1,260 ಭಾಗ ಪೆಟ್ರೋಲಿಗೆ ಒಂದೇ ಭಾಗ ಸಾಕಿತ್ತು.

ಕುಣಿತ ಮುಗಿದಿತ್ತು, ಕತೆ ಮುಗಿದಿರಲಿಲ್ಲ. ಇಂಜಿನ್ನುಗಳನ್ನು ಹೆಚ್ಚು ಹೊತ್ತು ಓಡಿಸಿದಾಗ ಅವು ತಡವರಿಸಿ ಕೆಮ್ಮತೊಡಗಿದವು. ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿಯ ತುದಿಗೆ ಸೀಸದ ಆಕ್ಸೈಡಿನ ಗಟ್ಟಿ ಪದರ ಕಟ್ಟಿತ್ತು. ಕಾದಾಗ ಆ ಪದರದ ಮೂಲಕ ವಿದ್ಯುತ್ ಸೋರಿಹೋಗಿ ಕಿಡಿ ಹಾರುತ್ತಲೇ ಇರಲಿಲ್ಲ. ಎಕ್ಸಾಸ್ಟ್ ವಾಲ್ವ್‌ಗಳೂ ಸುಟ್ಟವು. ಹಿಂದೆ ಸುಳ್ಳು ಅಪವಾದ ಹೊತ್ತಿದ್ದ ಪ್ಲಗ್ ಈಗ ನಿಜ ಹೇಳುತ್ತಿತ್ತು: ಒಳಗೆ ಹೋದ ಸೀಸ ಹೊರಗೆ ಹೋಗುತ್ತಿಲ್ಲ.

ಸೀಸದ ಆಕ್ಸೈಡ್ ಕರಗಲು 888 ಡಿಗ್ರಿ ಸೆಲ್ಸಿಯಸ್ ಬೇಕು. ಅದನ್ನು ಬ್ರೋಮೈಡ್ ಆಗಿಸಿದರೆ 373 ಡಿಗ್ರಿಗೇ ಕರಗಿ, ಆವಿಯಾಗಿ ಹೊಗೆಯೊಂದಿಗೆ ಹೊರಬೀಳುತ್ತದೆ. ಪೆಟ್ರೋಲಿಗೆ ಬ್ರೋಮಿನ್ನಿನ ಸಂಯುಕ್ತ ಸೇರಿತು, ಪ್ಲಗ್‌ಗಳು ಉಳಿದುಕೊಂಡವು. ಅಷ್ಟು ಬ್ರೋಮಿನ್ ಎಲ್ಲಿತ್ತು? ಒಂದು ಟನ್ ಸಮುದ್ರದ ನೀರಿನಲ್ಲಿ ಸಿಗುವುದು ಸುಮಾರು 65 ಗ್ರಾಂ. ಅದನ್ನೂ ಬಿಡದೆ ಹಿಂಡಿ ತೆಗೆಯಲು 1934ರಲ್ಲಿ ನಾರ್ತ್ ಕೆರೊಲಿನಾದ ಕ್ಯೂರ್ ಬೀಚ್‌ನಲ್ಲಿ ಕಾರ್ಖಾನೆಯೇ ಎದ್ದಿತು.

ಸದ್ದಿನ ಗುಟ್ಟು ಇಷ್ಟೇ. ಕಿಡಿಯಿಂದ ಹೊರಟ ಜ್ವಾಲೆ ಹರಡುತ್ತ ತನ್ನ ಮುಂದಿರುವ ಮಿಶ್ರಣವನ್ನು ಒತ್ತಿ ಕಾಯಿಸುತ್ತದೆ. ಮೂಲೆಯಲ್ಲಿ ಉಳಿದ ಮಿಶ್ರಣ ಜ್ವಾಲೆ ತಲುಪುವವರೆಗೂ ತಾಳಲಾರದೆ ಒಮ್ಮೆಲೇ ತಾನಾಗಿ ಸಿಡಿಯುತ್ತದೆ. ಆ ಆಘಾತದ ಅಲೆಯೇ ಟಣಟಣ. ಹಾಗೆ ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕ ಸರಪಳಿಯನ್ನು ಸೀಸದ ಆಕ್ಸೈಡಿನ ಸೂಕ್ಷ್ಮ ಕಣಗಳು ನಡುವೆಯೇ ಕಡಿಯುತ್ತವೆ.

ಹೊರಬಿದ್ದ ಸೀಸ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಡೇಟನ್ನಿನವರು ಕೇಳಿಕೊಳ್ಳಲೇ ಇಲ್ಲ ಎನ್ನುವಂತಿಲ್ಲ, ಕೇಳಿಕೊಂಡು ಬದಿಗಿಟ್ಟರು. 1923ರ ಆರಂಭದಲ್ಲಿ ಮಿಡ್ಗ್ಲಿಯೇ ಸೀಸದ ವಿಷವೇರಿ ಫ್ಲೋರಿಡಾದಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ಅದೇ ಫೆಬ್ರವರಿಯಲ್ಲಿ ಡೇಟನ್ನಿನ ಬಂಕಿನಲ್ಲಿ ಸೀಸದ ಪೆಟ್ರೋಲಿನ ಮಾರಾಟ ಶುರುವಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಐವರು ಕೆಲಸಗಾರರು ಬುದ್ಧಿ ಭ್ರಮಿಸಿ ಸತ್ತರು. ಆ ತಿಂಗಳ ಕೊನೆಗೆ ಮಿಡ್ಗ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಭಯವಿಲ್ಲವೆಂದು ತೋರಿಸಿದ. ಮದ್ಯಸಾರ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಹುಡುಕಾಟದಲ್ಲಿ ತೋರಿದ ಹಟಕ್ಕೆ ಮೆಚ್ಚಲೇಬೇಕಾದ ಈ ಮನುಷ್ಯನನ್ನು ಇಲ್ಲಿ ಮಾತ್ರ ಕ್ಷಮಿಸುವುದು ಕಷ್ಟ.

ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸದ ಪೆಟ್ರೋಲ್ ನಿಂತಿತು. ಕಟ್ಟಕಡೆಗೆ 2021ರಲ್ಲಿ ಅಲ್ಜೀರಿಯಾದ ಬಂಕುಗಳಲ್ಲೂ ನಿಂತಿತು. ಗ್ಯಾರೇಜುಗಳಲ್ಲಿ ಪ್ಲಗ್ ನೋಡುವ ಕಣ್ಣಿಗೂ ಹೊಸ ಅಭ್ಯಾಸ ಬೇಕಾಯಿತು. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಜಿಡ್ಡಿನಿಂದ ಒದ್ದೆಯಾಗಿದ್ದರೆ ರಿಂಗ್ ಸವೆದಿದೆ, ಸುಣ್ಣದಂತೆ ಬೆಳ್ಳಗಾಗಿದ್ದರೆ ಅತಿ ಶಾಖ, ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕಿಗಳಿದ್ದರೆ ನಾಕಿಂಗ್ ಪಿಸ್ಟನ್ನನ್ನೇ ತಿನ್ನುತ್ತಿದೆ ಎಂಬ ಪಾಠ ಹಾಗೇ ಉಳಿಯಿತು. ಆರೋಗ್ಯವಂತ ಇಂಜಿನ್ನಿನ ಗುರುತಾಗಿದ್ದ ಆ ದಟ್ಟ ಕಂದು ಮಾತ್ರ ಸೀಸದೊಂದಿಗೇ ತಿಳಿಯಾಯಿತು.

ಪಿಸ್ಟನ್ ಇಂಜಿನ್ನಿನ ಸಣ್ಣ ವಿಮಾನಗಳಲ್ಲಿ ಬಹಳಷ್ಟು ಇಂದಿಗೂ ಸೀಸ ಬೆರೆಸಿದ ಇಂಧನದಲ್ಲೇ ಹಾರುತ್ತವೆ. ಅವುಗಳ ಸಿಲಿಂಡರಿಗೆ ಎರಡೆರಡು ಪ್ಲಗ್. ತಪಾಸಣೆಗೆಂದು ಕೆಳಗಿನ ಪ್ಲಗ್ ಬಿಚ್ಚುವ ಮೆಕ್ಯಾನಿಕ್‌ಗಳು ಅದರೊಳಗೆ ಕಟ್ಟಿಕೊಂಡ ಸೀಸದ ಬೂದು ಕಾಳುಗಳನ್ನು ಈಗಲೂ ಕೆರೆದು ತೆಗೆಯುತ್ತಾರೆ.