ಹುಣಸೆಬೀಜದ ಅಂಟು

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಗಳಲ್ಲಿ ಹುಣಸೆಹಣ್ಣು ಕುಟ್ಟುವ ಸದ್ದು ಕೇಳಿಬರುತ್ತದೆ. ಹಣ್ಣು ಉಪ್ಪಿನೊಡನೆ ಮಡಕೆಯನ್ನು ಸೇರುತ್ತದೆ. ಬೀಜ ಜಗಲಿಯ ಮೂಲೆಯಲ್ಲಿ ಉಳಿಯುತ್ತದೆ. ಮಕ್ಕಳು ಅದನ್ನು ಅಳಗುಳಿಮಣೆಯ ಕಾಯಿಯಾಗಿ ಆಡುತ್ತಾರೆ. ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳುಪು ಕಾಣಿಸಿ, ಚೌಕಾಬಾರಕ್ಕೆ ದಾಳವಾಗಿಸುತ್ತಾರೆ. ಆಟ ಮುಗಿದ ಮೇಲೆ ಅದು ಕಸ. ಆದರೆ ಈ ಕಸದಿಂದಲೇ ನಮ್ಮ ಹಿರಿಯರು ಒಂದು ಅಂಟನ್ನು ಮಾಡಿಕೊಂಡರು. ಅದು ಕಂಬಳಿಯನ್ನೂ ಬುಟ್ಟಿಯನ್ನೂ ಪುಸ್ತಕವನ್ನೂ ಏಕಪ್ರಕಾರವಾಗಿ ಪೋಷಿಸಿತು.

ಮಾಡುವ ಬಗೆ ಸರಳವಾದುದು. ಬೀಜವನ್ನು ಹದವಾಗಿ ಹುರಿದರೆ ಹೊರಗಿನ ಕಂದು ಸಿಪ್ಪೆ ಸಡಿಲಗೊಳ್ಳುತ್ತದೆ. ಕುಟ್ಟಿ, ಕೇರಿ, ಸಿಪ್ಪೆ ಕಳೆದು, ಬಿಳಿಯ ಬೇಳೆಯನ್ನು ರಾತ್ರಿಯೆಲ್ಲ ನೆನೆಯಿಟ್ಟು ನುಣ್ಣಗೆ ಅರೆಯಬೇಕು. ಸುಮಾರು ಹತ್ತು ಪಾಲು ನೀರು ಬೆರೆಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿದರೆ ಮಂದವಾದ ಸರಿ ಸಿದ್ಧವಾಗುತ್ತದೆ. ಬಟ್ಟೆಯಲ್ಲಿ ಸೋಸಿಕೊಂಡರೆ ಗಂಟಿಲ್ಲದ ಅಂಟು ದೊರೆಯಿತು. ಬೇಳೆಯಲ್ಲಿ ಅರ್ಧಕ್ಕೂ ಮಿಗಿಲಾದ ಭಾಗ, ಸಕ್ಕರೆಯ ಅಣುಗಳು ಉದ್ದುದ್ದ ಸರಪಣಿಗಳಾಗಿ ಹೆಣೆದುಕೊಂಡಿರುವ ಒಂದು ದ್ರವ್ಯ. ಕಾವಿನಲ್ಲಿ ಆ ಸರಪಣಿಗಳು ಬಿಚ್ಚಿಕೊಂಡು ನೀರನ್ನು ಹಿಡಿದಿಡುತ್ತವೆ. ಒಣಗಿದಾಗ ನೂಲಿನ ಎಳೆಗಳನ್ನೂ ಕಾಗದದ ನಾರನ್ನೂ ಅಪ್ಪಿಕೊಳ್ಳುತ್ತವೆ. ಕುದಿಸದೆ ಬರಿದೆ ಕಲಸಿದರೆ ಅಂಟಿನ ಗುಣ ಪೂರ್ಣವಾಗಿ ಬಾರದಿರುವುದಕ್ಕೆ ಇದೇ ಕಾರಣ. ಇದು ಬೇಗ ಹಳಸುವ ಪದಾರ್ಥ. ಅಂದಿನದನ್ನು ಅಂದೇ ಬಳಸುವುದು ಲೇಸು. ಹುಳು ಬಾರದಿರಲೆಂದು ಪುಸ್ತಕ ಕಟ್ಟುವವರು ಅಂಟಿಗೆ ಕೊಂಚ ಮೈಲುತುತ್ತ ಸೇರಿಸುವುದುಂಟು. ಅದು ವಿಷವಾದುದರಿಂದ ಮಕ್ಕಳಿರುವ ಮನೆಯಲ್ಲಿ ಬೇಡ.

ಕುರುಬರು ಕಂಬಳಿ ನೇಯುವ ಮುನ್ನ ಉಣ್ಣೆಯ ಹಾಸುನೂಲಿಗೆ ಈ ಸರಿಯನ್ನು ಬಳಿಯುತ್ತಾರೆ. ನೂಲು ಗಡುಸಾಗಿ, ಮಗ್ಗದ ಎಳೆತಕ್ಕೆ ಹರಿಯದೆ ನಿಲ್ಲುತ್ತದೆ. ಪಕ್ಕದ ಹುಣಸೂರಿನಲ್ಲಿ 1864ರವರೆಗೆ ಸರ್ಕಾರದ ಕಂಬಳಿ ಕಾರ್ಖಾನೆಯೊಂದಿತ್ತು. ಅದು ಮುಚ್ಚಿದ ಮೇಲೂ ಆ ಸೀಮೆಯಲ್ಲಿ ಕಂಬಳಿಯ ಕಸುಬು ನಿಲ್ಲಲಿಲ್ಲ. 1940ರ ದಶಕದಲ್ಲಿ, ಯುದ್ಧಕಾಲದ ಅಭಾವದ ನಡುವೆ, ಗಿರಣಿಗಳು ಕೂಡ ನೂಲಿಗೆ ಗಂಜಿ ಹಾಕಲು ಹುಣಸೆಬೀಜದ ಪುಡಿಯತ್ತ ತಿರುಗಿದವು. ಮಗ್ಗದ ಗುಡಿಸಲು ಅರಿತಿದ್ದುದನ್ನು ಗಿರಣಿ ತಡವಾಗಿ ಕಲಿಯಿತು.

ಸಾಹಿತ್ಯಪ್ರಿಯರ ಕುತೂಹಲವನ್ನು ಕೆರಳಿಸುವ ಸಂಗತಿ ಇನ್ನೊಂದಿದೆ. ಇಂದು ತಾಲ್ಲೂಕು ಕಚೇರಿಯಲ್ಲಿ ‘ಕಡತ’ ಎಂದರೆ ಕಾಗದಗಳ ಕಟ್ಟು. ಮೂಲದಲ್ಲಿ ಕಡತವೆಂಬುದು ಬಟ್ಟೆಯ ಪುಸ್ತಕ. ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಹುಣಸೆಬೀಜದ ಸರಿಯಲ್ಲಿ ಕಲಸಿದ ಇದ್ದಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ತಪ್ಪಿದರೆ ಒರಸಿ ಮತ್ತೆ ಬರೆಯಬಹುದಾಗಿತ್ತು. ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದ 1810ರ ಸಂಪುಟದಲ್ಲಿ ಇದನ್ನು ವರ್ಣಿಸುತ್ತ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಯನ್ನು ಹೇಳಿದ್ದಾನೆ. ವರ್ತಕರ ಲೆಕ್ಕಗಳೂ ಶೃಂಗೇರಿ ಮಠದ ದಾಖಲೆಗಳೂ ಇಂತಹ ಕಡತಗಳಲ್ಲಿ ಉಳಿದುಬಂದಿವೆ. ನಾಡಿನ ನೆನಪಿನ ಒಂದು ಪಾಲು ಅಡಿಗೆಮನೆಯ ಉಳಿಕೆಯ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟಿಗೆ ಇದೇ ಸರಿಯನ್ನು ಬೆರೆಸಿ ಬೊಂಬೆಗಳ ಕೀಲುಗಳನ್ನು ತುಂಬುತ್ತಾರೆ. ಒಡಿಶಾದ ಪಟಚಿತ್ರಕಾರರು ಬಟ್ಟೆಗೆ ಇದನ್ನೂ ಸೀಮೆಸುಣ್ಣವನ್ನೂ ಬಳಿದು ಚಿತ್ರದ ಹಾಸನ್ನು ಅಣಿಗೊಳಿಸುತ್ತಾರೆ. ಎಲ್ಲೆಲ್ಲಿಯೂ ಒಂದೇ ಬೀಜ. ಕೈ ಮಾತ್ರ ಬೇರೆ ಬೇರೆ.

ಮನೆಯಲ್ಲಿ ಪರೀಕ್ಷಿಸಿ ನೋಡಲು ಬಯಸುವವರು ಬುಟ್ಟಿಯಿಂದ ಆರಂಭಿಸಬಹುದು. ಹಳೆಯ ಮೊರ ಬುಟ್ಟಿಗಳ ಸಂದು ಬಿಟ್ಟು ರಾಗಿಹಿಟ್ಟು ಸೋರುವಾಗ, ನೆನೆದ ಕಾಗದವನ್ನು ಮೆಂತ್ಯದೊಡನೆ ಅರೆದು ಬಳಿಯುವ ರೂಢಿ ನಮ್ಮ ಹೆಣ್ಣುಮಕ್ಕಳಲ್ಲಿ ಇದೆ. ಹಿಟ್ಟನ್ನಲ್ಲದೆ ಪುಸ್ತಕ, ನೂಲುಂಡೆ ಮೊದಲಾದುವನ್ನು ಇಡುವ ಬುಟ್ಟಿಯಾದರೆ ಮೆಂತ್ಯದ ಬದಲು ಹುಣಸೆಯ ಸರಿಯನ್ನು ಬಳಸಬಹುದು. ತೆಳುವಾಗಿ ಬಳಿದು, ನೆರಳಿನಲ್ಲಿ ಒಣಗಿಸಿ, ಮತ್ತೊಮ್ಮೆ ಬಳಿಯಬೇಕು. ನೀರು ತಾಗಿದರೆ ಮೆತ್ತಗಾಗುವುದೆಂಬುದನ್ನು ಮಾತ್ರ ಮರೆಯಬಾರದು.

ಸೃಷ್ಟಿಯ ಸ್ಫೂರ್ತಿ ಎಲ್ಲಿಂದ ಬರುತ್ತದೆಂದು ನಾವು ಆಗಾಗ ಕೇಳಿಕೊಳ್ಳುತ್ತೇವೆ. ಹುಣಸೆಬೀಜದ ಸರಿಯನ್ನು ಮೊದಲು ಕುದಿಸಿದವರು ಯಾರೆಂದು ಯಾವ ಕಡತವೂ ಹೇಳದು. ಉಳಿದುದನ್ನು ಎಸೆಯುವ ಮುನ್ನ ಕ್ಷಣಕಾಲ ದಿಟ್ಟಿಸಿದ ಕಣ್ಣು ಅವರದು, ಇಷ್ಟು ನಿಶ್ಚಯ. ಅಂಟಿನ ಸೀಸೆ ಅಂಗಡಿಯಲ್ಲಿ ಸುಲಭವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೇಳುವುದು ನ್ಯಾಯವೇ. ಸೀಸೆ ನಮಗೆ ಅಂಟನ್ನು ಕೊಡಬಲ್ಲುದು. ಆ ನೋಟವನ್ನು ಕೊಡಲಾರದು. ಇಂತಹ ವಿದ್ಯೆ ಗ್ರಂಥಗಳಲ್ಲಿ ಬಾಳುವುದು ಕಡಿಮೆ. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ದಾಟುವಾಗ ಒಂದು ತಲೆಮಾರು ತಪ್ಪಿದರೂ ಅದು ಅಳಿದಂತೆಯೇ ಸರಿ. ಈ ಬೇಸಗೆಯಲ್ಲಿ ಒಂದು ಪಾವು ಬೀಜವನ್ನಾದರೂ ಎಸೆಯದೆ ಇರಿಸಿ, ಮನೆಯ ಹಿರಿಯರನ್ನು ಕೇಳಿ ನೋಡಬಹುದು.